ಆವಿ, ಹಬೆ, ಉಗಿ, ಬಾಷ್ಪ: ಬಾಯ್ಲರ್ ಪಕ್ಕದ ಬೋರ್ಡಿಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿಗೆ ಬೋರ್ಡ್ ಬರೆದುಕೊಡಬೇಕಾಗಿದೆ. ಬಾಯ್ಲರ್ ಪಕ್ಕ ತೂಗುಹಾಕೋದು. ನೀರು ಎಷ್ಟು ಬಿಸಿಯಾದರೆ ಅದರಿಂದ ಏಳುವ ಆವಿಯ ಒತ್ತಡ ಎಷ್ಟು ಅನ್ನೋ ಪಟ್ಟಿ, ಅದರ ಕೆಳಗೆ ನಾಲ್ಕು ಸಾಲು ವಿವರಣೆ. ಅಂಕಿಗಳ ಬಗ್ಗೆ ಯಾರದ್ದೂ ತಕರಾರಿಲ್ಲ, ತಲೆಬರಹದ ಬಗ್ಗೆಯೇ ಜಗಳ.

ಶಾಲೆ ಪುಸ್ತಕದ 'ಬಾಷ್ಪ ಒತ್ತಡ' ನನಗೆ ಬೇಡ. ಬಾಷ್ಪ ಅಂದರೆ ಜನರಿಗೆ ಗೊತ್ತಿರೋದು ಆನಂದಬಾಷ್ಪ, ಇಲ್ಲವೇ ಸತ್ತವರ ಫೋಟೊ ಹಾಕಿದ ಫ್ಲೆಕ್ಸಿನ ಬಾಷ್ಪಾಂಜಲಿ. ಬಾಯ್ಲರ್ ಪಕ್ಕ ಅದನ್ನು ತೂಗುಹಾಕಿದರೆ ಅಪಶಕುನ ಅಂತಾರೆ. 'ಉಗಿ ಒತ್ತಡ' ಚೆನ್ನಾಗೇ ಇದೆ, ಆದರೆ ಉಗಿಬಂಡಿ ಹೋದಮೇಲೆ ಆ ಪದ ಬಾಯಲ್ಲಿ ಉಳಿದಿಲ್ಲ. ಗೋಡೆ ಮೇಲೆ ದಪ್ಪಕ್ಷರದಲ್ಲಿ ಉಗಿ ಅಂತ ಕಂಡರೆ ಗುಟ್ಕಾ ಹಾಕಿಕೊಂಡವರು ಅಪ್ಪಣೆ ಸಿಕ್ಕಿತು ಅಂದುಕೊಂಡಾರು.

ಉಳಿದದ್ದು ಆವಿ, ಹಬೆ. ಇವೆರಡನ್ನೂ ಒಂದೇ ಅಂತ ಬಳಸಬಾರದು ಅನ್ನೋದು ನನ್ನ ವಾದ. ಪೈಪಿನ ಜೋಡಣೆ ಸ್ವಲ್ಪ ಸಡಿಲವಾಗಿ ಸೋರುವಾಗ ನೋಡಿ, ತೂತಿನ ಬಾಯಲ್ಲಿ ಏನೂ ಕಾಣೋದಿಲ್ಲ, ಒಂದು ಗೇಣು ಆಚೆ ಬೆಳ್ಳಗೆ ಹೊಗೆಯಂಥದ್ದು ಏಳುತ್ತದೆ. ಬಾಯ್ಲರ್ ನೋಡಿಕೊಳ್ಳೋ ಹಿರಿಯರು ಹೊಸ ಹುಡುಗರಿಗೆ ಮೊದಲು ಹೇಳೋದೇ ಇದನ್ನ: "ಬೆಳ್ಳಗ ಕಾಣೋದಕ್ಕ ಅಂಜಬ್ಯಾಡೋ, ಅದಕ್ಕಿಂತ ಮೊದ್ಲ ಏನೂ ಕಾಣಂಗಿಲ್ಲಲ್ಲ, ಅಲ್ಲಿ ಕೈ ಇಟ್ಟೀ ಮತ್ತ." ಆ ಕಾಣದ ಭಾಗವೇ ಆವಿ. ಹೊರಗೆ ಬಂದು ತಣ್ಣಗಾಗಿ ಸಣ್ಣ ಸಣ್ಣ ಹನಿಯಾಗಿ ಬೆಳ್ಳಗೆ ಕಾಣೋದು ಹಬೆ, ಅಂದರೆ ಅದು ಆಗಲೇ ಮತ್ತೆ ನೀರು. ಹಬೆಯಾಡುವ ಅನ್ನ ಅಂತೀವಲ್ಲ, ಕಣ್ಣಿಗೆ ಕಂಡದ್ದಕ್ಕೇ ಹಾಗಂತೀವಿ. ಒತ್ತಡ ಅಳೆಯೋ ಗೇಜಿನ ಮುಳ್ಳನ್ನು ತಳ್ಳೋದು ಹಬೆಯಲ್ಲ, ಆವಿ.

ಇನ್ನೊಂದು ಕಾರಣವೂ ಇದೆ. ಪಟ್ಟಿ 20 ಡಿಗ್ರಿಯಿಂದಲೇ ಶುರುವಾಗುತ್ತದೆ. 20ಕ್ಕೆ ಪಾದರಸದ ಲೆಕ್ಕದಲ್ಲಿ (ಅಂದರೆ ಆ ಒತ್ತಡ ಕೊಳವೆಯಲ್ಲಿ ಪಾದರಸವನ್ನು ಎಷ್ಟು ಎತ್ತರಕ್ಕೆ ಏರಿಸಬಲ್ಲದು ಅನ್ನೋ ಲೆಕ್ಕ) 17.5 ಮಿಲಿಮೀಟರ್, 30ಕ್ಕೆ 31.8, 40ಕ್ಕೆ 55.3, 60ಕ್ಕೆ 149, 80ಕ್ಕೆ 355, 100ಕ್ಕೆ 760. ಏಪ್ರಿಲ್ ಮಧ್ಯಾಹ್ನ ತೊಟ್ಟಿಯಲ್ಲಿ ಸುಮ್ನೆ ನಿಂತಿರೋ ನೀರಿಗೂ ಈ ಒತ್ತಡ ಇದೆ, ಅಲ್ಲಿ ಹಬೆ ಯಾರು ಕಂಡಿದ್ದಾರೆ? ಮೇಲಕ್ಕೆ ಹೋದರೆ ಬಾಯ್ಲರಿನದೇ ಲೆಕ್ಕ. ಗೇಜು 1 ಕೆಜಿ (ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆಜಿ ಭಾರದಷ್ಟು ಒತ್ತಡ) ತೋರಿಸಿದರೆ ಒಳಗೆ ಸುಮಾರು 120 ಡಿಗ್ರಿ, 7 ಕೆಜಿಗೆ ಸುಮಾರು 170. ಗೇಜು ತೋರಿಸೋದು ಹೊರಗಿನ ಗಾಳಿಯ ಒತ್ತಡ ಬಿಟ್ಟು ಮಿಕ್ಕಿದ್ದನ್ನ ಮಾತ್ರ, ಆದ್ದರಿಂದ ನಿಜವಾದ ಒತ್ತಡ ಇನ್ನೊಂದು ಕೆಜಿ ಜಾಸ್ತಿ. ನೀರು, ಆವಿ ಎರಡೂ ಒಟ್ಟಿಗೆ ಇರೋವರೆಗೆ ಗೇಜು ನೋಡಿಯೇ ಬಿಸಿ ಎಷ್ಟು ಅಂತ ಹೇಳಬಹುದು, ಮಿಲ್ಲಿನವರಿಗೆ ಈ ಪಟ್ಟಿ ಬೇಕಾಗಿರೋದೂ ಅದಕ್ಕೇ. ತೊಟ್ಟಿಯಲ್ಲೂ ಬಾಯ್ಲರಿನಲ್ಲೂ ನಡೆಯೋದು ಒಂದೇ ಸಂಗತಿ ಅಂದಮೇಲೆ ಹೆಸರೂ ಒಂದೇ ಇರಬೇಕಲ್ವಾ? ಹಾಗಾಗಿ 'ಆವಿಯೊತ್ತಡ' ಅಂತ ಬರೆದಿದ್ದೇನೆ.

ಈಗ ವಿವರಣೆಯ ಸಾಲುಗಳು. ಕರಡಿನಲ್ಲಿ ಯಾರೋ 'ಆವಿಯೊತ್ತಡವು ಉಷ್ಣತೆಗೆ ನೇರ ಅನುಪಾತದಲ್ಲಿ ಹೆಚ್ಚುತ್ತದೆ' ಅಂತ ಸೇರಿಸಿದ್ದಾರೆ. ಇದು ತಪ್ಪು. ನೇರ ಅನುಪಾತ ಅಂದರೆ ಒಂದು ಎರಡು ಪಟ್ಟಾದರೆ ಇನ್ನೊಂದೂ ಎರಡು ಪಟ್ಟು. ಇಲ್ಲಿ 20ರಿಂದ 40ಕ್ಕೆ ಹೋಗೋದರೊಳಗೆ ಒತ್ತಡ ಮೂರು ಪಟ್ಟು ದಾಟುತ್ತದೆ. ಹಾಗಂತ 'ಪ್ರತಿ ಹತ್ತು ಡಿಗ್ರಿಗೆ ದುಪ್ಪಟ್ಟು' ಅಂತ ಬರೆಯೋಕೂ ಬರೋದಿಲ್ಲ, 20ರಿಂದ 30ಕ್ಕೆ 1.8 ಪಟ್ಟು, 100ರಿಂದ 110ಕ್ಕೆ ಬರೀ 1.4 ಪಟ್ಟು. ಪಟ್ಟು ಕಡಿಮೆಯಾಗುತ್ತಾ ಹೋದರೂ ಪ್ರತಿ ಡಿಗ್ರಿಗೆ ಏರುವ ಮಿಲಿಮೀಟರ್ ಮಾತ್ರ ಜಾಸ್ತಿಯಾಗುತ್ತಲೇ ಹೋಗುತ್ತದೆ. ನಾನು 'ಬಿಸಿ ಏರಿದಷ್ಟೂ ಒತ್ತಡ ಇನ್ನೂ ಜೋರಾಗಿ ಏರುತ್ತದೆ' ಅಂತ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೇ ಸಾಲು ಇದ್ದರೆ ಕೊಡಿ.

'ಬಿಸಿ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ' ಅನ್ನೋ ಸಾಲನ್ನೂ ಹೊಡೆದು ಹಾಕಿದ್ದೇನೆ. ಮಾತಿಗೆ ನಡೆಯುತ್ತದೆ, ಬೋರ್ಡಿಗೆ ಬೇಡ. ಗಾಳಿ ಇದ್ದರೂ ಇಲ್ಲದಿದ್ದರೂ ಇದೇ ಬಿಸಿಗೆ ಆವಿಯೊತ್ತಡ ಇಷ್ಟೇ ಅಂತ ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ 1801ರ ಹೊತ್ತಿಗೇ ತೋರಿಸಿದ್ದರು. ಹಿಡಿಯೋಕೆ ಗಾಳಿ ಯಾರು? 'ಕುದಿಯುವುದು' ಅನ್ನೋವಾಗ ಮಾತ್ರ ಗಾಳಿಯ ಮಾತು ಬರಬಹುದು: ಆವಿಯೊತ್ತಡ ನೀರಿನ ಮೇಲಿರೋ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ, ತೆರೆದ ಪಾತ್ರೆಯಲ್ಲಾದರೆ ಅದು ಹೊರಗಿನ ಗಾಳಿಯ ಒತ್ತಡ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಎತ್ತರ, ಹಾಗಾಗಿ ಇಲ್ಲಿ 100ಕ್ಕೆ ಇನ್ನೂ ಒಂದು ಡಿಗ್ರಿ ಚಿಲ್ಲರೆ ಇರುವಾಗಲೇ ಕುದಿ ಬರುತ್ತದೆ.

ಮಿಲ್ಲಿನವರ ಆಕ್ಷೇಪಣೆಯೂ ಇದೆ, ಅದೇ ನನ್ನ ಮುಖ್ಯ ಪ್ರಶ್ನೆ. ಅವರಿಗೆ ಎಲ್ಲವೂ ಸ್ಟೀಮೇ, ಮಾರೋದೂ ಸ್ಟೀಮ್ ರೈಸ್, "ಏಳು ಕೆಜಿ ಸ್ಟೀಮ್ ಐತಿ" ಅಂತಲೇ ಮಾತು. ಆವಿ ಅಂದರೆ ಏನೋ ಮೆತ್ತನೆಯದು ಅನ್ನಿಸುತ್ತಂತೆ, ಅದಕ್ಕೆ ಬಾಯ್ಲರ್ ಒಡೆಯೋ ಶಕ್ತಿ ಇದೆ ಅಂತ ಅನ್ನಿಸೋದೇ ಇಲ್ಲವಂತೆ. ನಿಮ್ಮ ಕಡೆ ಆವಿಗೆ ಜೋರು ಇದೆಯಾ? ಸಿಂಧನೂರು, ಮಾನ್ವಿ, ಸಿರುಗುಪ್ಪದ ಮಿಲ್ಲುಗಳಲ್ಲಿ ಕಾಣದ ಆವಿಗೂ ಕಾಣೋ ಹಬೆಗೂ ಬೇರೆ ಬೇರೆ ಪದ ಇದೆಯಾ? ಅಲ್ಲಿಯವರು ದಯವಿಟ್ಟು ತಿಳಿಸಿ. ಪೇಂಟರ್ ಸೋಮವಾರ ಬರ್ತಾನೆ.