ಬೆಳೆಯುತ್ತಿರುವ ತೀರನಗರದಲ್ಲಿ ಮೊದಲ ಹಣ ಯಾವುದಕ್ಕೆ: ತಡೆಗೋಡೆಗೋ, ಚರಂಡಿಗೋ, ವಿಹಾರ ಪಥಕ್ಕೋ?

ಪ್ರಶ್ನೆ (ನಗರ ಯೋಜನೆಯ ವಿದ್ಯಾರ್ಥಿ)

ಸಮುದ್ರದ ದಂಡೆಯಲ್ಲಿರುವ, ಇಪ್ಪತ್ತು ವರ್ಷಗಳಲ್ಲಿ ಜನಸಂಖ್ಯೆ ಇಮ್ಮಡಿಯಾಗಬಹುದಾದ ಕಾಲ್ಪನಿಕ ನಗರವೊಂದರ ಮಹಾಯೋಜನೆಯನ್ನು ಅಭ್ಯಾಸಕ್ಕಾಗಿ ಸಿದ್ಧಪಡಿಸುತ್ತಿದ್ದೇನೆ. ಹಡಗುಗಳು ತಂಗುತ್ತಿದ್ದ ಹಳೆಯ ಧಕ್ಕೆಯ ಜಾಗ ಖಾಲಿ ಬಿದ್ದಿದೆ, ತಗ್ಗಿನ ಬಡಾವಣೆಗಳಲ್ಲಿ ಮಳೆನೀರು ನಿಲ್ಲುತ್ತದೆ, ದಂಡೆಯುದ್ದಕ್ಕೂ ವಿಹಾರ ಪಥ ಬೇಕೆಂಬ ಒತ್ತಾಯವಿದೆ, ಸಂಚಾರ ದಟ್ಟಣೆ ತಗ್ಗಿಸಲು ನೀರಿನಂಚಿನಲ್ಲೇ ಮೇಲ್ರಸ್ತೆ ಕಟ್ಟುವ ಪ್ರಸ್ತಾವವೂ ಇದೆ. ಎಲ್ಲವನ್ನೂ ಒಟ್ಟಿಗೆ ಮಾಡುವಷ್ಟು ಹಣ ಯಾವ ನಗರದ ಬಳಿಯೂ ಇರುವುದಿಲ್ಲವಾದ್ದರಿಂದ, ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಮುಂದೂಡಿದರೂ ನಷ್ಟವಿಲ್ಲ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಮಳೆನೀರು ಚರಂಡಿ ಇಂಜಿನಿಯರ್)

ದಂಡೆಯ ವಿಚಾರಕ್ಕೆ ಬರುವ ಮೊದಲು, ನಗರದ ನೀರು ಸಮುದ್ರ ಸೇರುವ ಒಂದೊಂದು ಚರಂಡಿಯ ಬಾಯಿಯನ್ನೂ ಪರಿಶೀಲಿಸಬೇಕೆಂಬುದು ನನ್ನ ಸಲಹೆ. ಅಲ್ಲಿ ಸಾಮಾನ್ಯವಾಗಿ ಮೇಲಂಚಿನಿಂದ ನೇತುಬಿಟ್ಟ ಕಬ್ಬಿಣದ ಮುಚ್ಚಳವೊಂದಿರುತ್ತದೆ. ಒಳಗೆ ನೀರು ಹೆಚ್ಚಿದರೆ ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ, ಉಬ್ಬರ ಏರಿದರೆ ಸಮುದ್ರವೇ ಅದನ್ನು ಒತ್ತಿ ಮುಚ್ಚುತ್ತದೆ. ಮರದ ತುಂಡೊಂದು ಅಡ್ಡ ಸಿಕ್ಕಿ ಮುಚ್ಚಳ ನಾಲ್ಕು ಬೆರಳು ತೆರೆದೇ ಉಳಿದರೆ ಸಾಕು, ಉಪ್ಪುನೀರು ಹಿಮ್ಮುಖವಾಗಿ ನುಗ್ಗಿ ಮೋಡವಿಲ್ಲದ ದಿನವೂ ತಗ್ಗಿನ ಬೀದಿಯಲ್ಲಿ ನಿಲ್ಲುತ್ತದೆ. ಮುಚ್ಚಳ ಸರಿಯಾಗಿದ್ದರೂ, ಉಬ್ಬರದ ಹೊತ್ತಿಗೇ ಜೋರು ಮಳೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ಇಳಿತ ಬರುವವರೆಗೆ ಅದು ತಂಗುವುದಕ್ಕೆ ಕೆರೆಯೋ ಜೌಗೋ ಮೈದಾನವೋ ಬೇಕು, ಇಲ್ಲವೇ ಪಂಪ್ ಬೇಕು. ರಾಟರ್‌ಡ್ಯಾಮ್‌ನಲ್ಲಿ 2013ರಲ್ಲಿ ತೆರೆದ ಬೆಂಥೆಂಪ್ಲೇನ್ ಚೌಕ ಇದೇ ಲೆಕ್ಕದ್ದು: ಒಣ ದಿನಗಳಲ್ಲಿ ಆಟದ ಅಂಗಳ, ಮಳೆ ಬಂದಾಗ ನೀರಿನ ತೊಟ್ಟಿ. ಜೌಗನ್ನು ಮಣ್ಣು ಹಾಕಿ ತುಂಬಿಸಿ ನಿವೇಶನ ಮಾಡಿ, ಆಮೇಲೆ ಅದೇ ನೀರನ್ನು ಎತ್ತಿಹಾಕಲು ಪಂಪ್ ಕೊಳ್ಳುವ ನಗರಗಳಿಗೇನೂ ಕೊರತೆಯಿಲ್ಲ.

ಕೊಳವೆಬಾವಿಗಳನ್ನೂ ಮರೆಯಬೇಡಿ. ಜಗತ್ತಿನ ಸಮುದ್ರಮಟ್ಟ ಸರಾಸರಿ ವರ್ಷಕ್ಕೆ 3ರಿಂದ 4 ಮಿ.ಮೀ. ಏರುತ್ತಿದ್ದರೆ, ಅಂತರ್ಜಲವನ್ನು ವಿಪರೀತ ಎತ್ತಿದ ಜಕಾರ್ತಾದ ಉತ್ತರದ ಕೆಲವು ಭಾಗಗಳಲ್ಲಿ ನೆಲವೇ ವರ್ಷಕ್ಕೆ 10 ಸೆಂ.ಮೀ. ಮೀರಿ ಇಳಿದದ್ದುಂಟು. ಟೋಕಿಯೋ 1950 ಮತ್ತು 60ರ ದಶಕಗಳ ಕಾನೂನುಗಳಿಂದ ಅಂತರ್ಜಲದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಕುಸಿತ ಬಹುಮಟ್ಟಿಗೆ ನಿಂತಿತು, ಆದರೆ ಇಳಿದ ನೆಲ ಮೇಲೇಳಲಿಲ್ಲ. ಆದ್ದರಿಂದ ಜನ ಕೊಳವೆಬಾವಿಯನ್ನು ನೆಚ್ಚದಂತೆ ನಲ್ಲಿ ನೀರು ಪೂರೈಸುವುದೂ ಪ್ರವಾಹ ನಿಯಂತ್ರಣದ ಕೆಲಸವೇ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ 2 (ಯೋಜನಾ ಸಲಹೆಗಾರ)

ಚರಂಡಿ ಮೊದಲು ಎಂಬುದನ್ನು ಒಪ್ಪುತ್ತೇನೆ. ಆದರೆ ಹಣ ಬೇಡದ, ತಡಮಾಡಿದರೆ ಕೈತಪ್ಪಿಹೋಗುವ ಕೆಲಸವೊಂದಿದೆ: ದಂಡೆಯ ಯಾವ ಪಟ್ಟಿ ಸಾರ್ವಜನಿಕರದ್ದು ಎಂಬ ಗೆರೆಯನ್ನು ಇಂದೇ ಎಳೆಯುವುದು. ಶಿಕಾಗೋದ ಸರೋವರ ತೀರದ ಒಂದು ಭಾಗ ಕಟ್ಟಡಗಳಿಲ್ಲದೆ ತೆರೆದೇ ಇರಬೇಕೆಂದು 1836ರ ನಕ್ಷೆಯೊಂದರ ಮೇಲೆ ಬರೆಯಲಾಗಿತ್ತು. ವ್ಯಾಪಾರಿ ಮಾಂಟ್ಗೊಮರಿ ವಾರ್ಡ್ 1890ರಿಂದ ಸುಮಾರು ಎರಡು ದಶಕ ನ್ಯಾಯಾಲಯದಲ್ಲಿ ಹೋರಾಡಿದಾಗ ಆಧಾರಕ್ಕೆ ಸಿಕ್ಕಿದ್ದು ಆ ಬರಹವೇ. ವಿಹಾರ ಪಥವನ್ನು ಹತ್ತು ವರ್ಷ ಬಿಟ್ಟು ಕಟ್ಟಬಹುದು, ಜಾಗ ಮಾತ್ರ ಉಳಿದಿರಬೇಕು.

ಮೇಲ್ರಸ್ತೆಯನ್ನು ಕೈಬಿಡಿ. ಸ್ಯಾನ್ ಫ್ರಾನ್ಸಿಸ್ಕೋ ಅಂಥದ್ದೊಂದನ್ನು ಕಟ್ಟಿ, 1989ರ ಭೂಕಂಪದಲ್ಲಿ ಅದು ಜಖಂಗೊಂಡ ಮೇಲೆ ಕೆಡವಿಹಾಕಿತು. ಧಕ್ಕೆಯ ಜಾಗಕ್ಕೆ ಹ್ಯಾಂಬರ್ಗ್‌ನ ಹಾಫೆನ್‌ಸಿಟಿಯನ್ನು ಅಭ್ಯಾಸ ಮಾಡಿ. 1962ರ ಪ್ರವಾಹದಲ್ಲಿ 300ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಆ ನಗರ, ಮುಖ್ಯ ಒಡ್ಡಿನ ಹೊರಗಿರುವ ಈ ಬಡಾವಣೆಗೆ ಮತ್ತೊಂದು ಗೋಡೆ ಸುತ್ತುವ ಬದಲು ಕಟ್ಟಡಗಳನ್ನೂ ರಸ್ತೆಗಳನ್ನೂ ಎತ್ತರದ ಜಗಲಿಯ ಮೇಲಿಟ್ಟು, ನೀರಂಚಿನ ನಡಿಗೆ ದಾರಿಯನ್ನು ತಗ್ಗಿನಲ್ಲೇ ಬಿಟ್ಟಿದೆ; ನೆರೆ ಬಂದಾಗ ಮುಳುಗುವುದು ಆ ದಾರಿ, ಮನೆಗಳಲ್ಲ.

ಉತ್ತರ 3 (ವಸತಿ ಕ್ಷೇತ್ರದ ಕಾರ್ಯಕರ್ತೆ)

ಗೆರೆ ಎಳೆಯುವುದು ಅಷ್ಟು ಸುಲಭವಲ್ಲ. ತಗ್ಗಿನಲ್ಲಿಯೂ ದಂಡೆಯಲ್ಲಿಯೂ ಮೊದಲೇ ನೆಲೆಸಿರುವವರು ಮೀನುಗಾರರು, ಕೂಲಿಯವರು. ಒತ್ತುವರಿ ತೆರವಿನ ನೋಟಿಸು ಮೊದಲು ಅವರ ಬಾಗಿಲಿಗೆ ಬರುತ್ತದೆ, ಅದೇ ಜೌಗಿನ ಮೇಲೆ ನಕ್ಷೆ ಮಂಜೂರು ಮಾಡಿಸಿಕೊಂಡು ಕಟ್ಟಿದ ಬಹುಮಹಡಿ ಕಟ್ಟಡ ಹಾಗೇ ಉಳಿಯುತ್ತದೆ. ದೋಣಿ ಕಟ್ಟಲು, ಬಲೆ ಒಣಗಿಸಲು ಬೇಕಾದ ಜಾಗವನ್ನು ಭೂ ಬಳಕೆಯ ನಕ್ಷೆಯಲ್ಲಿ ಹೆಸರಿಸಿಯೇ ತೋರಿಸಿ. ಸ್ಥಳಾಂತರ ಅನಿವಾರ್ಯವಾದರೆ, ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರದ ಎತ್ತರದ ನೆಲವನ್ನು ಈಗಲೇ ಕಾದಿರಿಸಿ. ಹದಿನೈದು ಕಿಲೋಮೀಟರ್ ಆಚೆ ಮನೆ ಕೊಟ್ಟರೆ ಜನ ಅದನ್ನು ಬಾಡಿಗೆಗೆ ಬಿಟ್ಟು ಮರಳಿ ದಂಡೆಗೇ ಬರುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನ್ನ ನಕ್ಷೆಯಲ್ಲಿ ಚರಂಡಿಗಳ ಬಾಯಿಗೆ ಬಾಣದ ಗುರುತು ಹಾಕಿದ್ದೆನೇ ಹೊರತು ಒಂದರ ಮಟ್ಟವನ್ನೂ ನಮೂದಿಸಿರಲಿಲ್ಲ. ಲೆಕ್ಕಕ್ಕೆ ಯಾವ ಉಬ್ಬರವನ್ನು ಆಧಾರವಾಗಿಟ್ಟುಕೊಳ್ಳಬೇಕು?

ಉತ್ತರ 1 (ಮಳೆನೀರು ಚರಂಡಿ ಇಂಜಿನಿಯರ್)

ಸರಾಸರಿಯನ್ನು ಹಿಡಿಯಬೇಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರದ ಮಟ್ಟವನ್ನು ತೆಗೆದುಕೊಂಡು, ಅದರ ಮೇಲೆ ಬಿರುಗಾಳಿ ತಳ್ಳಿತರುವ ನೀರಿನ ಏರಿಕೆಯನ್ನೂ, ಚರಂಡಿಯ ಆಯುಷ್ಯವಿಡೀ ಸಮುದ್ರ ಏರುವ ಮತ್ತು ನೆಲ ಇಳಿಯುವ ಅಂದಾಜನ್ನೂ ಕೂಡಿಸಿ. ಆ ಮಟ್ಟಕ್ಕಿಂತ ಕೆಳಗಿರುವ ಬಾಯಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತಿಸಿ, ಅವುಗಳ ಹಿಂದೆ ನೀರು ತಂಗಲು ಇನ್ನೂ ಎಲ್ಲೆಲ್ಲಿ ಖಾಲಿ ನೆಲ ಉಳಿದಿದೆ ಎಂಬುದನ್ನು ನೋಡಿ.