ಬೇಲಿ ‘ಸವರು’ವುದು: ಕಡಿಯುವುದೋ, ನೇವರಿಸುವುದೋ?

ಮೈಸೂರಿನ ನಮ್ಮ ಮನೆಯ ಕಾಂಪೌಂಡಿನ ಒಳಬದಿಗೆ ಗಿಡಗಳ ಬೇಲಿ ಎಬ್ಬಿಸಿ ಮೂರು ವರ್ಷವಾಯಿತು. ಅರ್ಧ ಉದ್ದಕ್ಕೆ ದಾಸವಾಳ, ಉಳಿದರ್ಧಕ್ಕೆ ಕೈಗೆ ಹಚ್ಚಿಕೊಳ್ಳುವ ಗೋರಂಟಿ. (ಇಂಗ್ಲಿಷಿನಲ್ಲಿ ಕಾಂಪೌಂಡ್ ಎಂದರೆ ಗೋಡೆಯೊಳಗಿನ ಜಾಗ, ನಮಗೆ ಗೋಡೆಯೇ ಕಾಂಪೌಂಡ್. ಕಳ್ಳ ಹಾರುವುದೂ ಅದನ್ನೇ. ಆ ಮಾತು ಇನ್ನೊಮ್ಮೆ.) ಮಳೆ ಬಿದ್ದದ್ದೇ ತಡ, ಎರಡೂ ಅಡ್ಡಾದಿಡ್ಡಿ ಬೆಳೆದವು. ಮದ್ದೂರಿನ ಕಡೆಯವರೊಬ್ಬರನ್ನು ಕರೆಸಿ, ‘ಬೇಲಿ ಸವರಬೇಕು, ಎದೆಮಟ್ಟಕ್ಕೆ ಇರಲಿ’ ಎಂದೆ. ಅವರು ‘ಆಗಲಿ ಸ್ವಾಮಿ’ ಎಂದು ಕುಡುಗೋಲು ತೆಗೆದರು. ಬೆಂಗಳೂರಿನಲ್ಲಿ ಬೆಳೆದ ನಮ್ಮ ಸೊಸೆ ಬಾಗಿಲಲ್ಲಿ ನಿಂತು, ‘ಸವರುವುದಕ್ಕೆ ಅದೇನು ಬೆಕ್ಕೇ ಮಾವ?’ ಎಂದು ನಕ್ಕಳು.

ಅವಳಿಗೆ ಗೊತ್ತಿರುವುದು ಒಂದೇ ಸವರು. ಮಗುವಿನ ತಲೆ ಸವರುವುದು, ದೋಸೆಕಲ್ಲಿಗೆ ಎಣ್ಣೆ ಸವರುವುದು, ಚುನಾವಣೆ ಬಂದಾಗ ಮೂಗಿಗೆ ತುಪ್ಪ ಸವರುವುದು. ನನಗೆ ಚಿಕ್ಕಂದಿನಿಂದ ಇನ್ನೊಂದೂ ಗೊತ್ತು. ಕೊಂಬೆ ಸವರುವುದು, ಮೇಕೆಗೆ ಸೊಪ್ಪು ಸವರುವುದು. ಹಳೆಯ ಕಾವ್ಯಗಳ ಯುದ್ಧದಲ್ಲಂತೂ ವೀರರು ಸೇನೆಯನ್ನೇ ಸವರಿಹಾಕುತ್ತಾರೆ, ಅಲ್ಲಿ ಬೆಕ್ಕಿನ ನೆನಪು ಯಾರಿಗೂ ಬರುವುದಿಲ್ಲ. ಮುದ್ದಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಕ್ರಿಯಾಪದವೇ, ಅಥವಾ ಎರಡು ಬೇರೆ ಮಾತುಗಳು ಹೊಸಗನ್ನಡಕ್ಕೆ ಬರುವಾಗ ಒಂದಾಗಿಬಿಟ್ಟವೇ? ಹಳಗನ್ನಡದ ಱ (ಗಡುಸು ರ) ಅಕ್ಷರ ಬಿದ್ದುಹೋಗಿ ರ ಒಂದೇ ಉಳಿದ ಮೇಲೆ ಇಂಥ ಎಷ್ಟೋ ಜೋಡಿಗಳು ಕಲೆತುಹೋಗಿವೆ. ಹಳಗನ್ನಡ ಓದಿದವರು ಹೇಳಬೇಕು.

ಆ ದಿನ ಮದ್ದೂರಿನವರು ಕೆಲಸ ಮಾಡುವುದನ್ನು ನೋಡುತ್ತ ಕುಳಿತಾಗ ಮಾತ್ರ ಎರಡೂ ಒಂದೇ ಎನ್ನಿಸಿತು. ಅವರು ಕೊಂಬೆಗಳನ್ನು ಒಂದೊಂದಾಗಿ ಹಿಡಿದು ಕತ್ತರಿಸಲಿಲ್ಲ. ಬೇಲಿಯ ಉದ್ದಕ್ಕೂ ನಡೆಯುತ್ತ, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು, ಕುಡುಗೋಲನ್ನು ಗೋರಂಟಿಯ ಮೈಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದರು. ಎಳೆಗುಡಿಗಳು ಸರಸರನೆ ಉದುರಿದವು. ಆ ಕೈಯ ಚಲನೆ ಬೆಕ್ಕಿನ ಬೆನ್ನು ಸವರುವ ಚಲನೆಯೇ, ಬೆರಳಿನ ಜಾಗದಲ್ಲಿ ಅಲಗು ಇತ್ತು ಅಷ್ಟೆ. ದಾಸವಾಳದ ಹತ್ತಿರ ಬಂದಾಗ ಹೆಬ್ಬೆರಳು ಗಾತ್ರದ ಕೊಂಬೆಗಳು ಸಿಕ್ಕವು. ಆಗ ಅವರ ಬಾಯಲ್ಲಿ ಮಾತೂ ಬದಲಾಯಿತು: ‘ಇದನ್ನು ಸವರಲು ಆಗುವುದಿಲ್ಲ, ಕಡಿಯಬೇಕು.’ ತುದಿಯ ಕುಡಿಗಳಿಗೆ ಬಂದರೆ ‘ಚಿವುಟಿದರೆ ಸಾಕು, ಕವಲೊಡೆಯುತ್ತದೆ.’ ಒಂದೇ ಬೇಲಿಗೆ ಮೂರು ಕ್ರಿಯಾಪದ. ನಾವು ಮೂರಕ್ಕೂ ‘ಕಟಿಂಗ್ ಮಾಡಿಸಿದೆ’ ಎಂದು ಹೇಳಿ ಮುಗಿಸುತ್ತೇವೆ.

ಕ್ರಿಯಾಪದದಲ್ಲಿ ಇಷ್ಟು ಸಿರಿ ಇರುವ ನಮಗೆ ನಾಮಪದದಲ್ಲಿ ಮಾತ್ರ ಅಂಜಿಕೆ. ಸಾಲಾಗಿ ನೆಟ್ಟು ಸವರಿದ ಗಿಡಗಳಿಗೆ ಕರಪತ್ರಗಳಲ್ಲಿ ‘ಜೀವಂತ ಬೇಲಿ’ ಎಂದು ಬರೆಯುತ್ತಾರೆ, ಉಳಿದ ಬೇಲಿಗಳು ಸತ್ತುಬಿದ್ದಿವೆ ಎಂಬಂತೆ. ‘ಹಸಿರು ಬೇಲಿ’ ಕಿವಿಗೆ ಹಿತ, ಆದರೆ ಹಸಿರು ಬಣ್ಣ ಬಳಿದ ಕಬ್ಬಿಣದ ಜಾಲರಿಗೂ ಅದೇ ಹೆಸರು ಅಂಟೀತು. ಮಂಡ್ಯದ ಹಳ್ಳಿಗಳಲ್ಲಿ ಬೇಲಿ ಎಂದರೆ ಮೊದಲು ಕಣ್ಣಿಗೆ ಬರುವುದೇ ಕತ್ತಾಳೆ, ಕಳ್ಳಿ, ಲಕ್ಕಿ. ‘ಬೇಲಿ ಕೆಯ್ಯ ಮೇವಡೆ’ (ಬೇಲಿಯೇ ಹೊಲ ಮೇದರೆ) ಎಂದು ಬಸವಣ್ಣ ಹೇಳಿದ್ದು 12ನೆಯ ಶತಮಾನದಲ್ಲಿ. ಅಮೆರಿಕದ ಜೋಸೆಫ್ ಗ್ಲಿಡನ್ ತನ್ನ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಆಮೇಲೆ ಬಂದದ್ದು ತಂತಿ, ಹಾಗಾಗಿ ವಿಶೇಷಣ ಅದಕ್ಕೇ ಇರಲಿ: ತಂತಿಬೇಲಿ. ಗಿಡದ್ದು ಬರೀ ಬೇಲಿ. ಬಿಡಿಸಿ ಹೇಳಲೇಬೇಕಾದಾಗ ಗಿಡದ ಹೆಸರನ್ನೇ ಮುಂದೆ ಹಚ್ಚಿದರೆ ಆಯಿತು, ಲಕ್ಕಿಬೇಲಿ, ದಾಸವಾಳದ ಬೇಲಿ.

ಲಕ್ಕಿ ಎಂದೆನಲ್ಲ. ದನ ಬಾಯಿ ಹಾಕದ, ಸೊಪ್ಪನ್ನು ಕುದಿಸಿ ಮೈಕೈ ನೋವಿಗೆ ಶಾಖ ಕೊಡುವ ಆ ಗಿಡವನ್ನು ಹಿಂದಿನ ಮೂಲೆಗೆ ಹಾಕೋಣವೆಂದು ನರ್ಸರಿಯೊಂದಕ್ಕೆ ಹೋಗಿ ‘ಲಕ್ಕಿ ಗಿಡ ಇದೆಯೇ?’ ಎಂದು ಕೇಳಿದೆ. ಹುಡುಗ ಗಾಜಿನ ಬಟ್ಟಲಲ್ಲಿ ಕೆಂಪು ದಾರ ಕಟ್ಟಿದ ಬಿದಿರಿನಂಥ ಕಡ್ಡಿಗಳನ್ನು ತಂದಿಟ್ಟು, ‘ಅದೃಷ್ಟ ಬರುತ್ತದೆ ಸಾರ್’ ಎಂದ. ಮಂಗಳೂರಿನ ಕಡೆಯಂತೆ ‘ನೆಕ್ಕಿ’ ಎಂದು ಕೇಳಿದ್ದರೆ ಇನ್ನೇನು ತರುತ್ತಿದ್ದನೋ.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ಬೇಲಿಯನ್ನು ಸವರುತ್ತಾರೆಯೇ, ಬೇರೆ ಮಾತಿದೆಯೇ? ಸವರುವುದಕ್ಕೂ ಕಡಿಯುವುದಕ್ಕೂ ನಡುವೆ ನಮ್ಮ ಮದ್ದೂರಿನವರು ಕಂಡ ಗೆರೆ ನಿಮ್ಮಲ್ಲೂ ಇದೆಯೇ? ಸವರಿದ ಮೇಲೆ ಕೆಳಗೆ ಬಿದ್ದ ಕುಡಿ-ಕಡ್ಡಿಗಳ ರಾಶಿಗೆ ಒಂದೇ ಪದ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ. ನಮ್ಮ ಮನೆಯಲ್ಲಿ ಅದು ಸದ್ಯಕ್ಕೆ ‘ಅದೆಲ್ಲ’ ಎಂಬ ಹೆಸರಿನಲ್ಲಿ ಗೇಟಿನ ಬಳಿ ಬಿದ್ದಿದೆ.