ಜೊಂಡು ತುಂಬಿದ ಕೆರೆಗೆ ಯಾವ ಲೂರ್?

ಕೇಳಿದವರು, ತುಮಕೂರು ಕಡೆಯಿಂದ:
ನಮ್ಮೂರ ಕೆರೆಯಲ್ಲಿ ಎರೆಹುಳು ಹಾಕಿದರೆ ಬರೀ ಜಿಲೇಬಿ ಮೀನು ಬೀಳುತ್ತೆ. ಕೊರವ ಮೀನು ಕಣ್ಣೆದುರೇ ಮೇಲೆ ಬಂದು ಗಾಳಿ ಕುಡಿದು ಹೋಗುತ್ತೆ, ಗಾಳಕ್ಕೆ ಮಾತ್ರ ಬರಲ್ಲ. ಹತ್ತು ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಇರುವ ಡಬ್ಬಿ ತರಿಸಿದೆ. ಮೊದಲ ದಿನವೇ ಮೂರು ಜೊಂಡಿನ ಪಾಲಾದವು. ಇನ್ನೇನು ತಗೊಳ್ಳಲಿ? ಅನುಭವ ಇದ್ದವರು ಹೇಳಿ.

ಮಂಡ್ಯದಿಂದ:
ಆ ಡಬ್ಬಿ ನಾನೂ ತರಿಸಿದ್ದೆ ಸರ್. ಅದರಲ್ಲಿ ಹೆಚ್ಚಿನವು ಮೂರು ಮುಳ್ಳಿನ ಕೊಕ್ಕೆಯವು. ತೆರೆದ ನೀರಿಗೆ ಸರಿ, ಜೊಂಡಿನಲ್ಲಿ ಮೀನಿಗಿಂತ ಮೊದಲು ಹುಲ್ಲನ್ನೇ ಹಿಡಿಯುತ್ತವೆ. ಮೀನು ಯಾವುದು ಅನ್ನುವುದಕ್ಕಿಂತ ಮೊದಲು ನೀರು ಹೇಗಿದೆ ನೋಡಿ. ನಿಮ್ಮ ಕೆರೆಗೆ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಬೇಕು. ಅದರ ಎರಡೂ ಮುಳ್ಳು ಬೆನ್ನಿಗೆ ಒತ್ತಿಕೊಂಡು ಮೇಲ್ಮುಖವಾಗಿರುತ್ತವೆ. ಮೀನು ಕಚ್ಚಿದಾಗ ಹೊಟ್ಟೆ ಅಮುಕಿ ಮುಳ್ಳು ಹೊರಗೆ ಬರುತ್ತೆ. ಅಲ್ಲಿಯವರೆಗೆ ಪಾಚಿ ಮೇಲೂ ತಾವರೆ ಎಲೆ ಮೇಲೂ ಜಾರಿಕೊಂಡು ಬರುತ್ತೆ. ಅಂಗಡಿಯಲ್ಲಿ ಹೊಟ್ಟೆ ಒತ್ತಿ ನೋಡಿ. ಬೆರಳಿಗೇ ಗಟ್ಟಿ ಅನಿಸಿದರೆ ಬಿಟ್ಟುಬಿಡಿ.

ದಾರಕ್ಕೂ ಸ್ವಲ್ಪ ದುಡ್ಡು ಹಾಕಿ. ನೈಲಾನ್ ಎಳೆದಷ್ಟೂ ಹಿಗ್ಗುತ್ತೆ, ಅಷ್ಟರಲ್ಲಿ ಕೊರವ ಜೊಂಡಿನ ಬೇರಿಗೆ ಸುತ್ತಿಕೊಂಡಿರುತ್ತೆ. ನಾನು ಹಾಕುವುದು 40 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದರೆ ಹಿಗ್ಗದ ಹೆಣೆದ ದಾರ. ಕೋಲು ಏಳಡಿಯ ಗಟ್ಟಿಯದು.

ನನ್ನ ಮೊದಲ ಕೊರವ ತಪ್ಪಿದ್ದು ಲೂರಿನಿಂದಲ್ಲ, ನನ್ನ ಆತುರದಿಂದ. ಏರಿ ಪಕ್ಕ ಕಪ್ಪೆಯನ್ನು ಎಳೀತಾ, ನಿಲ್ಲಿಸ್ತಾ ಬರುತ್ತಿದ್ದೆ. ಹಿಂದಿನ ಹುಲ್ಲು ಸಣ್ಣಗೆ ಅಲುಗಿತು. ಗಳಕ್ ಅಂತ ಸದ್ದು, ಕಪ್ಪೆ ಮಾಯ. ಗಾಬರಿಯಲ್ಲಿ ಅದೇ ಕ್ಷಣ ಎಳೆದೆ. ಕಪ್ಪೆ ಹಾರಿ ಬಂದು ನನ್ನ ಎದೆಗೇ ಬಡಿಯಿತು! ಈಗ ಸದ್ದಾದ ಮೇಲೆ ದಾರ ಬಿಗಿಯುವ ತನಕ ಕಾಯುತ್ತೇನೆ. ಮನಸ್ಸಲ್ಲೇ ಒಂದು, ಎರಡು. ಆಮೇಲೆ ಜೋರಾಗಿ ಮೇಲಕ್ಕೆ.

ಶಿವಮೊಗ್ಗದಿಂದ:
ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಕೆಂಪು ಮಣ್ಣಿನ ನೀರಿಗೂ ಸಂಜೆಗತ್ತಲಿಗೂ ನಾನು ಕಪ್ಪು ಕಪ್ಪೆ ಹಾಕ್ತೀನಿ. ಕೆಳಗಿನಿಂದ ನೋಡುವ ಮೀನಿಗೆ ಆಕಾರ ಕಂಡರೆ ಸಾಕು. ಉಳಿದ ಬಣ್ಣವೆಲ್ಲ ನಮ್ಮನ್ನು ಹಿಡಿಯೋಕೆ ಅನ್ನೋದು ನನ್ನ ಅನುಮಾನ.

ಹೊಸಪೇಟೆಯಿಂದ:
ನಾನು ತುಂಗಭದ್ರಾ ಹಿನ್ನೀರಿನವನು. ಇಲ್ಲಿ ಬಾಳೆ ಮೀನಿಗೆ ಕಪ್ಪೆ ಉಪಯೋಗವಿಲ್ಲ. ಹೊತ್ತು ಮುಳುಗುವಾಗ ಆಳಕ್ಕೆ ಹೋಗದ ಪ್ಲಗ್ (ಮೀನಿನಾಕಾರದ ಗಟ್ಟಿ ಲೂರ್) ಅಥವಾ ಸ್ಪೂನ್ (ಹೊಳೆಯುವ ಲೋಹದ ಲೂರ್) ಎಸೆಯುತ್ತೇನೆ. ನಿಮ್ಮ ಡಬ್ಬಿಯಲ್ಲಿ ಉಳಿದ ಏಳನ್ನು ಇಂಥ ನೀರಿಗೆ ಇಟ್ಟುಕೊಳ್ಳಿ. ಮೂರು ಮುಳ್ಳಿನದನ್ನು ತೆಗೆದು ಒಂಟಿ ಕೊಕ್ಕೆ ಹಾಕಿಕೊಂಡರೆ ಬಿಡಿಸೋದೂ ಸುಲಭ. ಆದರೆ ಕಾವೇರಿಯ ಬಿಳಿಮೀನಿನ (ಮಹಶೀರ್) ಮೇಲೆ ಪ್ರಯೋಗ ಬೇಡ. ಕಿತ್ತಳೆ ರೆಕ್ಕೆಯ ಆ ಮೀನು 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಹಾಸನದಿಂದ:
ತಮ್ಮಾ, ಮೊದಲು ಕೆರೆ ಯಾರ ಗುತ್ತಿಗೆಯಲ್ಲಿದೆ ಕೇಳಿಕೋ. ಮೀನುಗಾರರ ಸಂಘದವರು ಮರಿ ಬಿಟ್ಟಿದ್ದರೆ ಅವರನ್ನು ಕೇಳದೆ ಗಾಳ ಹಾಕೋದು ಸರಿಯಲ್ಲ. ಇನ್ನೊಂದು, ಮಳೆಗಾಲದಲ್ಲಿ ಕೊರವದ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವ ಹಾಗೆ ಕಾಣುತ್ತೆ. ಕೆಳಗೆ ತಾಯಿ, ತಂದೆ ಕಾವಲಿರುತ್ತವೆ. ಅಲ್ಲಿ ಏನು ಎಸೆದರೂ ಕಚ್ಚುತ್ತವೆ, ಹಸಿವಿಗಲ್ಲ, ಮರಿ ಉಳಿಸೋಕೆ. ದೊಡ್ಡದನ್ನು ಎತ್ತಿದರೆ ಮರಿಗಳನ್ನು ಜಿಲೇಬಿ ಮುಗಿಸಿಬಿಡುತ್ತವೆ. ಆ ಜಾಗ ಬಿಟ್ಟು ಮುಂದೆ ಹೋಗು.

ಕೇಳಿದವರು:
ಕಪ್ಪೆ ತಂದೆ, ಸಂಘದವರನ್ನೂ ಕೇಳಿದೆ. ಎರಡು ಸಲ ಕಚ್ಚಿತು, ಎರಡೂ ತಪ್ಪಿತು. ಈಗ ಕಪ್ಪೆ ಮುಳುಗ್ತಾ ಇದೆ, ಯಾಕೆ?

ಮಂಡ್ಯದಿಂದ:
ಹಲ್ಲು ತೂತು ಮಾಡಿದೆ, ಹೊಟ್ಟೆಗೆ ನೀರು ಹೋಗಿದೆ. ಹಿಂಡಿ, ಒಂದು ರಾತ್ರಿ ಒಣಗಿಸಿ, ತೂತಿಗೆ ಒಂದೇ ಹನಿ ಫೆವಿಕ್ವಿಕ್. ಜಾಸ್ತಿ ಹಾಕಬೇಡಿ, ಹೊಟ್ಟೆ ಗಟ್ಟಿಯಾಗಿ ಮುಳ್ಳು ಹೊರಗೆ ಬರಲ್ಲ.